ಮಾಂಟಿಚೆಲ್ಲೊ ತೋಟದ ಜೀರ್ಣೋದ್ಧಾರವೂ ಕಾಯಕದ ನೆನಪೂ

॥ ಶ್ರೀ ಗುರುಬಸವಲಿಂಗಾಯ ನಮಃ ॥

ತೋಟವೆಂಬುದು ನಮ್ಮ ಧರ್ಮಪರಂಪರೆಗೆ ಹೊರಗಿನ ವಸ್ತುವಲ್ಲ. ಎಡೆಯೂರಿನಲ್ಲಿ ಐಕ್ಯರಾದ ಶ್ರೀ ಸಿದ್ಧಲಿಂಗ ಯತಿವರ್ಯರು ಕಗ್ಗೆರೆಯ ತೋಟವೊಂದರಲ್ಲಿ ತಪೋನಿರತರಾಗಿದ್ದ ಕಾರಣದಿಂದಲೇ ‘ತೋಂಟದ’ ಎಂಬ ವಿಶೇಷಣವನ್ನು ಪಡೆದು, ಆ ಹೆಸರಿನಿಂದಲೇ ಲೋಕಪೂಜ್ಯರಾದರು. ನಮ್ಮ ನಾಡಿನ ಪ್ರಾಚೀನ ದಾನಶಾಸನಗಳನ್ನು ನೋಡಿದರೆ, ಗುಡಿಗೂ ಮಠಕ್ಕೂ ಬಿಟ್ಟ ಗದ್ದೆ ಬೆದ್ದಲುಗಳ ಜೊತೆಯಲ್ಲಿ ಹೂದೋಟಗಳೂ ಎಲೆದೋಟಗಳೂ ಎಲ್ಲೆಕಟ್ಟಿನ ಸಹಿತವಾಗಿ ಉಕ್ತವಾಗಿರುವುದು ಕಾಣಬರುತ್ತದೆ. ಇಷ್ಟಲಿಂಗಪೂಜೆಗೆ ಪತ್ರಿಪುಷ್ಪಗಳು ಬೇಕು. ದಾಸೋಹದ ಪಂಕ್ತಿಗೆ ಕಾಯಿಪಲ್ಲೆಗಳು ಬೇಕು. ಬಂದ ಜಂಗಮರಿಗೆ ನೆರಳು ಬೇಕು. ಆದುದರಿಂದ ಮಠವಿದ್ದಲ್ಲಿ ತೋಟವಿರುವುದು ಸಹಜವೇ ಆಗಿದೆ.

ಆದರೆ ಮನುಷ್ಯನು ನಿರ್ಮಿಸುವ ವಸ್ತುಗಳಲ್ಲೆಲ್ಲ ತೋಟದಷ್ಟು ಬೇಗನೆ ಅಳಿದುಹೋಗುವ ವಸ್ತು ಮತ್ತೊಂದಿಲ್ಲ. ಕಲ್ಲುಕಟ್ಟಡವು ನೂರಾರು ವರ್ಷ ನಿಲ್ಲುವುದು. ಓಲೆಯ ಗರಿಯು ಪೆಟ್ಟಿಗೆಯೊಳಗೆ ತಲೆಮಾರುಗಳ ಕಾಲ ಬಾಳುವುದು. ತೋಟವಾದರೋ ಎರಡು ಬೇಸಗೆ ನೀರು ತಪ್ಪಿದರೆ ಬಾಡುವುದು, ಎರಡು ಮಳೆಗಾಲ ಕಳೆ ತೆಗೆಯದಿದ್ದರೆ ಕಾಡಾಗುವುದು. ಹೀಗೆ ಅಳಿದುಹೋದ ತೋಟವನ್ನು ಮರಳಿ ಮೊದಲಿನಂತೆಯೇ ನಿಲ್ಲಿಸುವುದು ಸಾಧ್ಯವೆ? ಸಾಧ್ಯವಾದರೆ ಅದಕ್ಕೆ ಯಾವ ಆಧಾರಗಳನ್ನು ಹುಡುಕಬೇಕು? ಹುಡುಕಿ ನಿಲ್ಲಿಸಿದ ತರುವಾಯ, ಅದು ಯಾರ ತೋಟವೆಂದು ಹೇಳಬೇಕು? ಈ ಮೂರು ಪ್ರಶ್ನೆಗಳನ್ನು ಕುರಿತು ವಿಚಾರಮಾಡುವುದಕ್ಕೆ ಅಮೇರಿಕಾ ಸಂಯುಕ್ತ ಸಂಸ್ಥಾನಗಳ ವರ್ಜೀನಿಯಾ ಪ್ರಾಂತದಲ್ಲಿರುವ ಮಾಂಟಿಚೆಲ್ಲೊ ಎಂಬ ಪ್ರಸಿದ್ಧ ಗೃಹದ ತೋಟಗಳ ಜೀರ್ಣೋದ್ಧಾರವು ಉತ್ತಮವಾದ ನಿದರ್ಶನವಾಗಿರುವುದು. ಅದು ದೂರದ ದೇಶದ ವೃತ್ತಾಂತವಾದರೂ, ಶರಣಧರ್ಮವನ್ನು ನಂಬಿದ ನಮಗೆ ಅದರಲ್ಲಿ ಹತ್ತಿರದ ಪಾಠವೊಂದು ಉಂಟು. ಆದಕಾರಣ ಶ್ರೀಮಠದ ಮಹೋತ್ಸವದ ಈ ಸ್ಮರಣ ಸಂಪುಟದಲ್ಲಿ ಆ ವಿಷಯವನ್ನು ಸಂಗ್ರಹವಾಗಿ ನಿರೂಪಿಸಲಾಗಿದೆ.

ಮಾಂಟಿಚೆಲ್ಲೊ ಎಂದರೆ ಇಟಲಿಯ ಭಾಷೆಯಲ್ಲಿ ‘ಚಿಕ್ಕ ಬೆಟ್ಟ’ ಎಂದರ್ಥ. ಶಾರ್ಲಟ್ಸ್‌ವಿಲ್ ಪಟ್ಟಣದ ಸಮೀಪದಲ್ಲಿರುವ ಈ ಬೆಟ್ಟದ ನೆತ್ತಿಯನ್ನು 1768ನೆಯ ಇಸವಿಯಲ್ಲಿ ಸಮಮಾಡಿಸಿ, ಮರುವರ್ಷ ಮನೆಯ ಕೆಲಸಕ್ಕೆ ಕೈಹಾಕಿದವನು ಥಾಮಸ್ ಜೆಫರ್ಸನ್. ಈತನು 1743ರಲ್ಲಿ ಜನಿಸಿ, 1776ರ ಅಮೇರಿಕಾ ಸ್ವಾತಂತ್ರ್ಯ ಘೋಷಣೆಯನ್ನು ರಚಿಸಿ, 1801ರಿಂದ 1809ರ ವರೆಗೆ ಆ ದೇಶದ ಮೂರನೆಯ ಅಧ್ಯಕ್ಷನಾಗಿದ್ದು, 1826ನೆಯ ಜುಲೈ 4ರಂದು, ಎಂದರೆ ಆ ಘೋಷಣೆಯ ಐವತ್ತನೆಯ ವಾರ್ಷಿಕ ದಿನದಂದೇ, ಕಾಲವಾದನು. ಈತನು ಯಾವ ಶಿಲ್ಪಿಯ ಬಳಿಯಲ್ಲಿಯೂ ವಿದ್ಯೆ ಕಲಿತವನಲ್ಲ. ಇಟಲಿಯ ಪಲ್ಲಾಡಿಯೋ ಎಂಬ ಮಹಾಶಿಲ್ಪಿಯ ಗ್ರಂಥವನ್ನು ಓದಿ, ಫ್ರಾನ್ಸ್ ದೇಶದಲ್ಲಿ ರಾಯಭಾರಿಯಾಗಿದ್ದಾಗ ಅಲ್ಲಿಯ ಹೊಸ ಭವನಗಳನ್ನು ಕಣ್ಣಾರೆ ನೋಡಿ, ತನ್ನ ಮನೆಯನ್ನು ತಾನೇ ಯೋಚಿಸಿ ಕಟ್ಟಿಸಿದನು. ಒಮ್ಮೆ ಕಟ್ಟಿಸಿದುದರಿಂದ ತೃಪ್ತನಾಗದೆ 1796ರಿಂದ ಮರಳಿ ಒಡೆಯಿಸಿ, ಹಿಗ್ಗಿಸಿ, ಗುಮ್ಮಟವನ್ನೇರಿಸಿ, 1809ರ ಸುಮಾರಿಗೆ ಮುಗಿಸಿದನು. ಈ ಗೃಹವು 1987ರಲ್ಲಿ, ಅವನೇ ಯೋಜಿಸಿದ ವರ್ಜೀನಿಯಾ ವಿಶ್ವವಿದ್ಯಾಲಯದ ಕಟ್ಟಡಗಳೊಡನೆ, ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿತು.

ಮನೆಯ ಸುತ್ತಲಿನ ತೋಟಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಹೂದೋಟ. ಜೆಫರ್ಸನ್ 1786ರಲ್ಲಿ ಜಾನ್ ಆಡಮ್ಸನೊಡನೆ ಇಂಗ್ಲೆಂಡಿನ ಉದ್ಯಾನಗಳನ್ನು ಸಂಚರಿಸಿ ನೋಡಿದ್ದನು. ಗೆರೆಯೆಳೆದಂತಹ ಪಾತಿಗಳಿಗಿಂತ ಬಳುಕುವ ದಾರಿಗಳೂ ಸಹಜವಾದ ಮರಗುಂಪುಗಳೂ ಅವನ ಮನಸ್ಸನ್ನು ಸೆಳೆದುವು. 1807ರಲ್ಲಿ ಮನೆಯ ಮೂಲೆಗಳ ಬಳಿಯಲ್ಲಿ ಮೊಟ್ಟೆಯಾಕಾರದ 20 ಪಾತಿಗಳನ್ನು ಗುರುತಿಸಿದನು. ಪಡುವಣ ಹುಲ್ಲುಬಯಲನ್ನು ಬಳಸಿಕೊಂಡು ಹೋಗುವ ಅಂಕುಡೊಂಕಿನ ಹಾದಿಯೊಂದನ್ನೂ, ಅದರ ಅಂಚಿಗೆ ಹೂಪಟ್ಟಿಗಳನ್ನೂ ಯೋಜಿಸಿ ಅದರ ರೇಖಾಚಿತ್ರವನ್ನು ಮೊಮ್ಮಗಳು ಆನ್ನಳಿಗೆ ಬರೆದ ಪತ್ರದಲ್ಲಿ ತೋರಿಸಿದನು. ಎರಡನೆಯದು ಕಾಯಿಪಲ್ಲೆಯ ತೋಟ. ಬೆಟ್ಟದ ಆಗ್ನೇಯದ ಇಳಿಜಾರನ್ನು ಕಡಿದು, ಕೆಳಗೆ ಕಲ್ಲಿನ ತಡೆಗೋಡೆಯನ್ನು ಕಟ್ಟಿ, 1,000 ಅಡಿ ಉದ್ದ, 80 ಅಡಿ ಅಗಲದ ಸಮತಟ್ಟಾದ ಜಗಲಿಯೊಂದನ್ನು ಮಾಡಲಾಯಿತು. ಅದನ್ನು 24 ಚೌಕಗಳಾಗಿ ಭಾಗಿಸಿ, ಕಾಯಿ ತಿನ್ನುವವು, ಬೇರು ತಿನ್ನುವವು, ಎಲೆ ತಿನ್ನುವವು ಎಂದು ವರ್ಗಮಾಡಿ ಬಿತ್ತುತ್ತಿದ್ದರು. ಅದರ ಕೆಳಗಿನ ಇಳಿಜಾರಿನಲ್ಲಿ ಹಣ್ಣಿನ ತೋಪೂ ದ್ರಾಕ್ಷಿಯ ತೋಟಗಳೂ ಇದ್ದುವು. ಕಾಯಿಪಲ್ಲೆಗಳಲ್ಲಿ 330 ತಳಿಗಳನ್ನೂ ಹಣ್ಣುಗಳಲ್ಲಿ 170 ತಳಿಗಳನ್ನೂ ಆತನು ತನ್ನ ಜೀವಮಾನದಲ್ಲಿ ಪರೀಕ್ಷಿಸಿದನೆಂದು ಲೆಕ್ಕಹಾಕಿದ್ದಾರೆ.

ಈ ಲೆಕ್ಕವು ದೊರೆತುದು ಆತನ ಬರೆವಣಿಗೆಯ ಅಭ್ಯಾಸದಿಂದ. 1766ನೆಯ ಮಾರ್ಚ್ 30ರಂದು ಇಪ್ಪತ್ತೆರಡು ವರ್ಷದ ಆ ತರುಣನು, ಗೆಡ್ಡೆಯಿಂದ ಬೆಳೆಯುವ ನೇರಿಳೆ ಬಣ್ಣದ ಹೂವೊಂದು ಅರಳಲಾರಂಭಿಸಿತೆಂದು ಒಂದು ಪುಸ್ತಕದಲ್ಲಿ ಗುರುತುಮಾಡಿದನು. ಅಂದು ತೊಡಗಿದ ‘ತೋಟದ ಪುಸ್ತಕ’ವು 1824ರ ವರೆಗೆ ನಡೆದುಬಂದಿತು. ಯಾವ ದಿನ ಯಾವ ಬೀಜ ಬಿತ್ತಿದುದು, ಎಂದು ಮೊಳೆತುದು, ಎಂದು ಊಟದ ಮೇಜಿಗೆ ಬಂದುದು, ಯಾವುದು ಕೆಟ್ಟುಹೋದುದು ಎಂಬಿವೆಲ್ಲವನ್ನೂ ಅದರಲ್ಲಿ ಕಾಣಬಹುದು. ಫಲಿಸಿದುದನ್ನು ಬರೆದಷ್ಟೇ ನಿಸ್ಸಂಕೋಚವಾಗಿ ಫಲಿಸದೆ ಹೋದುದನ್ನೂ ಬರೆದಿರುವುದು ಈ ಪುಸ್ತಕದ ದೊಡ್ಡ ಗುಣ. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಎಡ್ವಿನ್ ಬೆಟ್ಸ್ ಎಂಬ ವಿದ್ವಾಂಸರು ಇದನ್ನೂ ಸಂಬಂಧಪಟ್ಟ ಪತ್ರಗಳನ್ನೂ ಕ್ರಮವಾಗಿ ಜೋಡಿಸಿ 1944ರಲ್ಲಿ ಪ್ರಕಟಪಡಿಸಿದರು.

ಇಂತಹ ತೋಟವು ಒಡೆಯನ ಮರಣದ ಕೆಲವೇ ವರ್ಷಗಳಲ್ಲಿ ಹೇಳಹೆಸರಿಲ್ಲದಂತಾಯಿತು. ಜೆಫರ್ಸನ್ 1,07,000 ಡಾಲರಿಗೆ ಮೇಲ್ಪಟ್ಟ ಸಾಲವನ್ನು ಬಿಟ್ಟು ತೀರಿಕೊಂಡಿದ್ದನು. ಮನೆಯ ಒಡವೆ ವಸ್ತುಗಳು ಏಲಮಾದುವು. 1831ರಲ್ಲಿ ಮನೆಯೇ ಮಾರಾಟವಾಯಿತು. ಕೊಂಡವನು ಬೆಟ್ಟದ ಮೇಲೆ ರೇಷ್ಮೆಹುಳು ಸಾಕುವ ಹವಣಿಕೆಯಲ್ಲಿದ್ದನು, ಅದು ಕೈಗೂಡಲಿಲ್ಲ. 1834ರಲ್ಲಿ ನೌಕಾದಳದ ಅಧಿಕಾರಿ ಯುರಾಯ ಲೀವಿ ಎಂಬ ಯಹೂದಿ ಮತದ ಮಹಾಶಯನು ಅದನ್ನು ಕೊಂಡು ರಿಪೇರಿ ಮಾಡಿಸಿದನು. ಆತನೂ ಆತನ ತರುವಾಯ ಅವನ ಸೋದರಪುತ್ರನೂ ಕಾಪಾಡಿದುದರಿಂದ ಮನೆಯು ಬಹುಮಟ್ಟಿಗೆ ಉಳಿಯಿತು. ಗೋಡೆಗೆ ಗಾರೆ ಬಳಿದರೆ ಹತ್ತು ವರ್ಷ ನಿಲ್ಲುವುದು. ಹೂವಿನ ಪಾತಿಗೆ ದಿನದಿನವೂ ಕೈ ಬೇಕು. ಆದುದರಿಂದ ಮನೆ ಉಳಿದರೂ ತೋಟ ಉಳಿಯಲಿಲ್ಲ. ಅಂಕುಡೊಂಕಿನ ಹಾದಿ ಹುಲ್ಲಿನಲ್ಲಿ ಮುಚ್ಚಿಹೋಯಿತು; ತಡೆಗೋಡೆ ಕುಸಿಯಿತು; ಬೇಲಿಯ ಕಂಬಗಳು ಕೊಳೆತು ಮಣ್ಣಾದುವು. 1923ರಲ್ಲಿ ಥಾಮಸ್ ಜೆಫರ್ಸನ್ ಸ್ಮಾರಕ ಪ್ರತಿಷ್ಠಾನವೆಂಬ ಸಂಸ್ಥೆಯು ಆ ಸ್ಥಳವನ್ನು ಕೊಂಡಾಗ, ಹೂದೋಟವು ಕಾಗದದಲ್ಲಿ ಮಾತ್ರ ಇದ್ದಿತು.

ಜೀರ್ಣೋದ್ಧಾರದ ಮೊದಲನೆಯ ಘಟ್ಟವು 1939ರಿಂದ 1941ರ ವರೆಗಿನದು. ವರ್ಜೀನಿಯಾದ ಗಾರ್ಡನ್ ಕ್ಲಬ್ ಎಂಬ ಸ್ತ್ರೀಸಮಾಜದವರು ಹೂದೋಟದ ಪುನರ್ನಿರ್ಮಾಣದ ಭಾರವನ್ನು ವಹಿಸಿಕೊಂಡರು. ಜೆಫರ್ಸನನ ರೇಖಾಚಿತ್ರಗಳೂ ಪತ್ರಗಳೂ ಕೈಯಲ್ಲಿದ್ದುವು. ಆದರೆ ಚಿತ್ರದಲ್ಲಿರುವುದೆಲ್ಲ ನೆಲದ ಮೇಲೆ ಆಗಿತ್ತೆಂದು ನಂಬುವುದು ಹೇಗೆ? ಅನೇಕ ಯೋಜನೆಗಳು ಕಾಗದದಲ್ಲಿಯೇ ಉಳಿಯುವುದು ಲೋಕರೂಢಿ. ಇದಕ್ಕೆ ಅವರು ಕಂಡುಕೊಂಡ ಉಪಾಯವು ಸರಳವೂ ಚಮತ್ಕಾರವೂ ಆಗಿದೆ. ರಾತ್ರಿಯ ಕಾಲದಲ್ಲಿ ಮೋಟಾರು ಗಾಡಿಗಳನ್ನು ತಂದು ನಿಲ್ಲಿಸಿ, ಅವುಗಳ ಮುಂದೀಪಗಳ ಬೆಳಕನ್ನು ಹುಲ್ಲುಬಯಲಿನ ಮೇಲೆ ಅಡ್ಡಲಾಗಿ ಹಾಯಿಸಿದರು. ನಡುಹಗಲಿನ ಬೆಳಕು ಮೇಲಿನಿಂದ ಬೀಳುವುದರಿಂದ ಅಂಗುಲದೆರಡಂಗುಲದ ಏರುತಗ್ಗುಗಳು ಕಣ್ಣಿಗೆ ತೋರುವುದಿಲ್ಲ. ನೆಲಕ್ಕೆ ಒತ್ತಿ ಬರುವ ಬೆಳಕಾದರೆ ಸಣ್ಣ ದಿಣ್ಣೆಗೂ ಉದ್ದನೆಯ ನೆರಳು ಬೀಳುವುದು. ಸಂಜೆಯ ಓರೆಬಿಸಿಲಿನಲ್ಲಿ ಉತ್ತ ಹೊಲದ ಸಾಲುಗಳು ಎದ್ದುಕಾಣುವುದನ್ನು ನಮ್ಮ ರೈತರೆಲ್ಲರೂ ನೋಡಿದ್ದಾರೆ. ಅದೇ ರೀತಿಯಲ್ಲಿ, ನೂರು ವರ್ಷಕ್ಕೂ ಹೆಚ್ಚು ಕಾಲ ಹುಲ್ಲಿನೊಳಗೆ ಮಲಗಿದ್ದ ಹಾದಿಯ ಅಂಚುಗಳು ಆ ಬೆಳಕಿನಲ್ಲಿ ಮೂಡಿಬಂದುವು. ಚಿತ್ರಕ್ಕೆ ನೆಲವೇ ಸಾಕ್ಷಿ ನುಡಿಯಿತು.

ಎರಡನೆಯ ಘಟ್ಟವು ಕಾಯಿಪಲ್ಲೆಯ ತೋಟದ್ದು. ಇಲ್ಲಿ ಬೆಳಕಿನಿಂದ ಸಾಲದೆ ಗುದ್ದಲಿಯೇ ಬೇಕಾಯಿತು. 1979ರಿಂದ 1981ರ ವರೆಗೆ ವಿಲಿಯಂ ಕೆಲ್ಸೊ ಎಂಬ ಪುರಾತತ್ತ್ವಜ್ಞರ ನೇತೃತ್ವದಲ್ಲಿ ಆ ಜಗಲಿಯನ್ನು ಅಗೆದು ಪರಿಶೋಧಿಸಿದರು. ಉದ್ಯಾನಗಳ ನಿರ್ದೇಶಕರಾಗಿ 1977ರಿಂದ 2012ರ ವರೆಗೆ ದುಡಿದ ಪೀಟರ್ ಹ್ಯಾಚ್ ಎಂಬವರು ಅಗೆದು ಕಂಡುದನ್ನು ಬಿತ್ತಿ ಬೆಳೆಯುವ ಕಾರ್ಯವನ್ನು ನಡೆಸಿದರು. ಈ ಅಗೆತದ ಮರ್ಮವನ್ನು ಸ್ವಲ್ಪ ವಿವರಿಸುವುದು ಯುಕ್ತವಾಗಿದೆ. ನೆಲದಲ್ಲಿ ಒಂದು ಸಲ ಗುಂಡಿ ತೋಡಿದರೆ ಆ ಗಾಯವು ಮಣ್ಣಿನಿಂದ ಎಂದಿಗೂ ಪೂರ್ಣವಾಗಿ ಮಾಸುವುದಿಲ್ಲ. ಕಂಬವನ್ನು ನೆಟ್ಟು ಮುಚ್ಚಿದ ಮಣ್ಣು ಮೇಲು ಕೆಳಗುಗಳು ಬೆರೆತ ಮಣ್ಣಾಗಿರುವುದು. ಕಂಬವು ಕೊಳೆತ ಜಾಗದಲ್ಲಿ ಕಪ್ಪಾದ ಮಣ್ಣು ತುಂಬಿಕೊಳ್ಳುವುದು. ಮೇಲ್ಪದರವನ್ನು ನಯವಾಗಿ ಹೆರೆದು ನೋಡಿದರೆ, ವರ್ಜೀನಿಯಾದ ಕೆಮ್ಮಣ್ಣಿನ ನಡುವೆ ಈ ಕಲೆಗಳು ಸಾಲಾಗಿ ತೋರುವುವು. 1808–09ರಲ್ಲಿ ತೋಟದ ಸುತ್ತಲೂ ಮುಕ್ಕಾಲು ಮೈಲಿಯಷ್ಟು ದೂರಕ್ಕೆ ಹತ್ತು ಅಡಿ ಎತ್ತರದ ಹಲಗೆಬೇಲಿಯನ್ನು ಹಾಕಿಸಿದನೆಂದು ಬರೆಹಗಳಲ್ಲಿ ಇದ್ದಿತು. ಆ ಬೇಲಿ ಎಲ್ಲಿ ಹಾದುಹೋಗಿತ್ತೆಂಬುದನ್ನು ಕಂಬದ ಗುಂಡಿಗಳ ಕಲೆಗಳು ತೋರಿಸಿದುವು. ಹಣ್ಣಿನ ತೋಪಿನಲ್ಲಿ ಗಿಡ ನೆಟ್ಟ ಕುಣಿಗಳ ಕಲೆಗಳೂ ಹಾಗೆಯೇ ಸಿಕ್ಕಿದುವು. ತಡೆಗೋಡೆಯ ಅಡಿಗಲ್ಲುಗಳು ಕಂಡುಬಂದುವು. ಗೋಡೆಯ ನಡುಭಾಗದಲ್ಲಿ ಚಿಕ್ಕ ಕಟ್ಟಡವೊಂದರ ಅಸ್ತಿಭಾರವೂ ದೊರೆಯಿತು. ಅದು ಸಂಜೆಯ ಹೊತ್ತು ಕುಳಿತು ಓದುವುದಕ್ಕಾಗಿ ಜೆಫರ್ಸನ್ ಕಟ್ಟಿಸಿದ್ದ ಮಂಟಪ. ಅವನ ಕಾಲಾನಂತರ ಬಿರುಗಾಳಿಗೆ ಸಿಕ್ಕಿ ಬಿದ್ದುಹೋಗಿತ್ತೆಂದು ಹೇಳುವರು. ಅಸ್ತಿಭಾರವನ್ನೂ ಆತನ ಟಿಪ್ಪಣಿಗಳನ್ನೂ ಅನುಸರಿಸಿ 1984ರಲ್ಲಿ ಅದನ್ನು ಮತ್ತೆ ಎತ್ತಿದರು. ದ್ರಾಕ್ಷಿಯ ತೋಟಗಳನ್ನು 1985ರಲ್ಲಿಯೂ 1993ರಲ್ಲಿಯೂ ಮರಳಿ ನೆಟ್ಟರು.

ಮಣ್ಣು, ಗೋಡೆ, ಬೇಲಿಗಳು ಸಿದ್ಧವಾದರೆ ತೋಟವಾಗದು, ಬೀಜ ಬೇಕು. ಹಳೆಯ ತಳಿಗಳಲ್ಲಿ ಎಷ್ಟೋ ಲೋಕದಿಂದಲೇ ಮಾಯವಾಗಿದ್ದುವು. ಉಳಿದವುಗಳನ್ನು ಹುಡುಕಿ, ಬೆಳೆದು, ಬೀಜ ಕೂಡಿಟ್ಟು ಹಂಚುವುದಕ್ಕಾಗಿ 1987ರಲ್ಲಿ ಐತಿಹಾಸಿಕ ಸಸ್ಯಗಳ ಕೇಂದ್ರವೊಂದನ್ನು ಅಲ್ಲಿ ಸ್ಥಾಪಿಸಿದರು. ಈ ಸಸ್ಯಗಳಲ್ಲಿ ನಮಗೆ ಗುರುತಿರುವವು ಕೆಲವುಂಟು. ಜೆಫರ್ಸನ್ 1767ರಲ್ಲಿಯೇ ಬಿತ್ತಿದ ಹೂಗಳಲ್ಲಿ ಕರ್ಣಕುಂಡಲವೂ ಕೋಳಿಜುಟ್ಟೂ ಸೇರಿದ್ದುವು. ಕರ್ಣಕುಂಡಲದ ತವರು ನಮ್ಮ ಭರತಖಂಡವೇ. ಅದು ಕಡಲುಗಳನ್ನು ದಾಟಿ, ಯುರೋಪಿನ ಮಾರ್ಗವಾಗಿ ಆ ಬೆಟ್ಟವನ್ನೇರಿತು.

ಇಲ್ಲಿ ಅವರೆಯ ಪ್ರಸಂಗವೊಂದನ್ನು ಹೇಳದಿರಲಾಗದು. ಮಾಂಟಿಚೆಲ್ಲೊದ ಉದ್ದನೆಯ ಹಂದರವೊಂದರ ಮೇಲೆ ಇಂದು ನೇರಿಳೆ ಹೂವಿನ, ನೇರಿಳೆ ಸಿಪ್ಪೆಯ ಅವರೆಬಳ್ಳಿಯು ಹಬ್ಬಿ ನೋಡುವವರ ಕಣ್ಣನ್ನು ಸೆಳೆಯುತ್ತದೆ. ಅದು ನಮ್ಮ ನಾಡಿನಲ್ಲಿ ಮಾಗಿಯ ಕಾಲದಲ್ಲಿ ಮನೆಮನೆಯಲ್ಲಿಯೂ ಬೇಯುವ ಅವರೆಯ ಜಾತಿಯದೇ. ಜನರು ಅದನ್ನು ಪ್ರೀತಿಯಿಂದ ‘ಜೆಫರ್ಸನ್ ಅವರೆ’ ಎಂದೇ ಕರೆಯತೊಡಗಿದರು. ಆದರೆ ಅದನ್ನು ಆತನು ಬೆಳೆದನೆಂಬುದಕ್ಕೆ ಸ್ಪಷ್ಟವಾದ ಬರೆಹವಿಲ್ಲ. 1812ರಲ್ಲಿ ಬಿಳಿ, ಕೆಂಪು, ಕಡುಗೆಂಪು, ನೇರಿಳೆ ಬಣ್ಣದ ಹಂದರದ ಬಳ್ಳಿಗಳನ್ನು ಹಾಕಿದುದಾಗಿ ಬರೆದಿರುವನು; ಆತನಿಗೆ ಬೀಜ ಒದಗಿಸುತ್ತಿದ್ದ ಬರ್ನಾರ್ಡ್ ಮೆಕ್‌ಮಹಾನ್ ಎಂಬ ವರ್ತಕನು 1804ರಲ್ಲಿ ಈ ಅವರೆಯ ಬೀಜವನ್ನು ಮಾರುತ್ತಿದ್ದನು. ಆದುದರಿಂದ ಆತನು ಬೆಳೆದಿರಬಹುದೆಂದು ಊಹಿಸಬಹುದೇ ಹೊರತು ಬೆಳೆದನೆಂದು ಸಾಧಿಸಲಾಗದು. ಅಲ್ಲಿಯ ಅಧಿಕಾರಿಗಳು ಈ ಮಾತನ್ನು ಮುಚ್ಚಿಡದೆ ಹಾಗೆಯೇ ಹೇಳುತ್ತಾರೆ. ಜನಪ್ರಿಯವಾದ ಕಥೆಗಿಂತ ಸತ್ಯವಾದ ಸಂದೇಹವು ಮೇಲೆಂಬುದು ಇತಿಹಾಸಕಾರನ ಆಚಾರಗಳಲ್ಲಿ ಮೊದಲನೆಯದು. ನಮ್ಮ ಕ್ಷೇತ್ರಗಳ ಮಹಾತ್ಮ್ಯಗಳನ್ನು ಬರೆಯುವವರೂ ಇದನ್ನು ಗಮನಿಸುವುದು ಒಳ್ಳೆಯದು.

ಇಲ್ಲಿಯ ವರೆಗೆ ಹೇಳಿದುದು ಒಡೆಯನ ತೋಟದ ವೃತ್ತಾಂತ. ಇನ್ನು ಮುಂದಿನದು ಆ ತೋಟವನ್ನು ಮಾಡಿದವರ ವೃತ್ತಾಂತ. ಈ ಲೇಖನದ ಮುಖ್ಯ ಉದ್ದೇಶವೂ ಅದೇ ಆಗಿರುವುದು.

ಜೆಫರ್ಸನನ ಪುಸ್ತಕದಲ್ಲಿ ‘ಬಿತ್ತಿದೆನು’, ‘ನೆಟ್ಟೆನು’ ಎಂಬರ್ಥದ ಮಾತುಗಳು ಹೇರಳವಾಗಿರುತ್ತವೆ. ಓದಿದವರಿಗೆ ಒಡೆಯನೇ ಗುದ್ದಲಿ ಹಿಡಿದನೆಂಬ ಭಾವನೆ ಬರುವುದು. ಕೆಲವು ಸಲ ಹಿಡಿದುದೂ ಉಂಟು. ಆದರೆ ಅಧ್ಯಕ್ಷ ಪದವಿಯಲ್ಲಿದ್ದ ಎಂಟು ವರ್ಷಗಳಲ್ಲಿ ಆತನು ಬಹುಕಾಲ ದೂರದ ರಾಜಧಾನಿಯಲ್ಲಿದ್ದನು. ಬೆಟ್ಟದ ಇಳಿಜಾರನ್ನು ಕಡಿದು 1,000 ಅಡಿಯ ಜಗಲಿಯನ್ನು ಮಾಡಿದುದು ಆ ವರ್ಷಗಳಲ್ಲಿಯೇ. ಅದನ್ನು ಕಡಿದವರು ಯಾರು? ಗುಲಾಮರು. 1806ರಿಂದ ಮೊದಲಾಗಿ ಬೇರೆ ಒಡೆಯನಿಂದ ಬಾಡಿಗೆಗೆ ಪಡೆದ ಗುಲಾಮರ ಕೈಯಿಂದ, ಎಡ್ಮಂಡ್ ಬೇಕನ್ ಎಂಬ ಮೇಲ್ವಿಚಾರಕನ ಉಸ್ತುವಾರಿಯಲ್ಲಿ, ಆ ಕೆಮ್ಮಣ್ಣಿನ ಗುಡ್ಡವು ಸಮವಾಯಿತು. ಮನುಷ್ಯರೆಲ್ಲರೂ ಸಮಾನರಾಗಿ ಸೃಷ್ಟಿಸಲ್ಪಟ್ಟರೆಂದು ಲೋಕಕ್ಕೆ ಸಾರಿದ ಲೇಖನಿಯ ಒಡೆಯನು ತನ್ನ ಜೀವಮಾನದಲ್ಲಿ 600ಕ್ಕೂ ಮೇಲ್ಪಟ್ಟ ಮನುಷ್ಯರನ್ನು ಸೊತ್ತಾಗಿ ಇಟ್ಟುಕೊಂಡಿದ್ದನು. ಇದು ಆತನ ವೈರಿಗಳು ಕಟ್ಟಿದ ಅಪವಾದವಲ್ಲ. ಆತನ ಲೆಕ್ಕದ ಪುಸ್ತಕಗಳಿಂದಲೇ ಸಿದ್ಧವಾದ ಸಂಗತಿ.

ಕಾಯಿಪಲ್ಲೆಯ ತೋಟದ ಮೇಲ್ಗಡೆಯಲ್ಲಿಯೇ ‘ಮಲ್ಬೆರಿ ಸಾಲು’ ಎಂಬ ಹಾದಿಯಿದೆ. ಹಿಪ್ಪುನೇರಿಳೆ ಮರಗಳಿಂದ ಅದಕ್ಕೆ ಆ ಹೆಸರು. ಆ ಹಾದಿಯ ಬದಿಯಲ್ಲಿ ಬಡಗಿಯ ಅಂಗಡಿ, ಮೊಳೆ ಮಾಡುವ ಕಮ್ಮಟ, ಗುಲಾಮರ ಗುಡಿಸಲುಗಳು ಇದ್ದುವು. 1796ರಲ್ಲಿ ವಿಮೆಗಾಗಿ ಬರೆದ ನಕ್ಷೆಯೊಂದರಲ್ಲಿ ಅವುಗಳ ಗುರುತುಂಟು. ನೆಲದ ಮೇಲೆ ಬಹುಭಾಗ ಏನೂ ಉಳಿದಿರಲಿಲ್ಲ. ತೋಟವನ್ನು ಹುಡುಕುತ್ತ ಬಂದ ಗುದ್ದಲಿಯು ಈ ಸಾಲನ್ನೂ ಮುಟ್ಟಲೇಬೇಕಾಯಿತು. ಅಲ್ಲಿ ಒಡೆದ ಪಿಂಗಾಣಿಯ ಚೂರು, ಮೊಳೆ, ಗುಂಡಿ, ಅಡಿಗೆಯ ಎಲುಬು ಮೊದಲಾದುವು ಸಿಕ್ಕಿದುವು. ಕಾಗದವು ಯಜಮಾನನ ಮಾತನ್ನು ಮಾತ್ರ ಹೇಳುತ್ತಿತ್ತು. ಮಣ್ಣಿಗಾದರೋ ಯಜಮಾನ ಆಳು ಎಂಬ ಪಕ್ಷಪಾತವಿಲ್ಲ. ಹೂದೋಟದ ಅಂಚನ್ನು ತೋರಿಸಿದ ಮಣ್ಣೇ ಗುಡಿಸಲಿನ ಅಂಚನ್ನೂ ತೋರಿಸಿತು.

ಹೀಗೆ ಹೊರಗೆ ಬಂದ ಹೆಸರುಗಳಲ್ಲಿ ವರ್ಮ್‌ಲಿ ಹ್ಯೂಸ್ ಎಂಬವನದು ಮುಖ್ಯವಾದುದು. ಆತನು 1781ರಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಮೊಳೆಯ ಕಮ್ಮಟದಲ್ಲಿ ದುಡಿದು, ತರುವಾಯ ತೋಟದ ಮುಖ್ಯ ಮಾಲಿಯಾದನು. ಹೂವಿನ ಪಾತಿಗಳನ್ನು ಅಗೆದವನು, ಗೆಡ್ಡೆಗಳನ್ನು ನೆಟ್ಟವನು, ದೂರದಿಂದ ಬಂದ ಬೀಜಗಳನ್ನೂ ಸಸಿಗಳನ್ನೂ ಮಣ್ಣಿಗೆ ಸೇರಿಸಿದವನು ಇವನೇ. ಅಜ್ಜನೂ ಮೊಮ್ಮಗಳೂ ಹೂಗಳನ್ನು ಕುರಿತು ಬರೆದುಕೊಂಡ ಸೊಗಸಾದ ಪತ್ರಗಳಲ್ಲಿ ಇವನ ಹೆಸರು ಸುಳಿದುಹೋಗುವುದು. 1826ರಲ್ಲಿ ಜೆಫರ್ಸನ್ ತೀರಿಕೊಂಡಾಗ ಅವನ ಸಮಾಧಿಯ ಕುಣಿಯನ್ನು ತೋಡಿದವನೂ ವರ್ಮ್‌ಲಿಯೇ. ಒಡೆಯನ ಮಗಳು ಇವನನ್ನು ಕಾಗದಪತ್ರವಿಲ್ಲದೆಯೇ ಬಿಡುಗಡೆಮಾಡಿದಳು. ಆದರೆ 1827ನೆಯ ಜನವರಿಯಲ್ಲಿ ಸಾಲದ ತೀರುವಳಿಗಾಗಿ ಮಾಂಟಿಚೆಲ್ಲೊದಲ್ಲಿ ಏಲಮು ನಡೆಯಿತು. 130 ಮಂದಿ ಗುಲಾಮರನ್ನು ದನಕರುಗಳ ಜೊತೆಯಲ್ಲಿಯೇ ಮಾರಾಟಕ್ಕೆ ಸಾರಲಾಗಿತ್ತು. ವರ್ಮ್‌ಲಿಯ ಪತ್ನಿ ಅರ್ಸುಲಳೂ ಅವರ ಮಕ್ಕಳೂ ಆ ಏಲಮಿಗೆ ಸೇರಿದವರು. ತಾನು ನೆಟ್ಟ ಹೂಗಿಡಗಳ ಎದುರಿನಲ್ಲಿ ತನ್ನ ಮಡದಿಮಕ್ಕಳ ಬೆಲೆಯನ್ನು ಕೂಗುವುದನ್ನು ಕೇಳುವ ಗತಿಯು ಆ ತೋಟಗಾರನಿಗೆ ಒದಗಿತು. ಇದನ್ನು ಬಿಟ್ಟು ಆ ಹೂದೋಟದ ಚರಿತ್ರೆಯನ್ನು ಬರೆದರೆ ಅದು ಚರಿತ್ರೆಯಾಗುವುದೆ?

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆ ಗುಲಾಮರಿಗೆ ತಮ್ಮದೇ ಆದ ಸಣ್ಣ ತೋಟಗಳಿದ್ದುವು. ಹಗಲೆಲ್ಲ ಒಡೆಯನ ಕೆಲಸ ಮುಗಿಸಿ, ಸಂಜೆಯ ಹೊತ್ತಿನಲ್ಲಿಯೂ ಭಾನುವಾರಗಳಲ್ಲಿಯೂ ಅವರು ತಮ್ಮ ಗುಡಿಸಲುಗಳ ಬಳಿಯಲ್ಲಿ ಕಾಯಿಪಲ್ಲೆಗಳನ್ನು ಬೆಳೆದು ಕೋಳಿಗಳನ್ನು ಸಾಕುತ್ತಿದ್ದರು. 1805ರಿಂದ 1808ರ ವರೆಗೆ ಮೊಮ್ಮಗಳು ಆನ್ನಳು ಬರೆದಿಟ್ಟ ಮನೆಯ ಲೆಕ್ಕದಲ್ಲಿ, ಒಡೆಯನ ಮನೆಯವರೇ ಈ ಜನರಿಂದ ಸೌತೆ, ಕೋಸು, ಮೊಟ್ಟೆ, ಕೋಳಿಗಳನ್ನು ಹಣಕೊಟ್ಟು ಕೊಂಡುದು ಹೆಸರುಸಹಿತವಾಗಿ ದಾಖಲಾಗಿದೆ. ಲೋಕಪ್ರಸಿದ್ಧವಾದ ಎರಡೆಕರೆ ತೋಟವಿದ್ದರೂ ಆ ಮನೆಯ ಊಟಕ್ಕೆ ಗುಡಿಸಲಿನ ಹಿತ್ತಿಲಿನ ನೆರವು ಬೇಕಾಗಿತ್ತು! ಜೆಫರ್ಸನ್ ಬಹಳ ಉತ್ಸಾಹದಿಂದ ಪರೀಕ್ಷಿಸಿದ ಎಳ್ಳನ್ನು ಅಮೇರಿಕಕ್ಕೆ ತಂದವರೂ ಆಫ್ರಿಕದ ಜನರೇ ಎಂಬುದನ್ನು ಆತನೇ 1808ರ ಪತ್ರದಲ್ಲಿ ಒಪ್ಪಿಕೊಂಡಿರುವನು. ಆತನ ತೋಟದಲ್ಲಿ ಬೆಳೆದ ಬೆಂಡೆಯೂ ಆಫ್ರಿಕದ ಬೆಳೆಯೇ. ಆದುದರಿಂದ ಆ ಜನರು ಬರಿಯ ತೋಳ್ಬಲವನ್ನು ಮಾತ್ರವಲ್ಲದೆ ಬೀಜವನ್ನೂ ಬೇಸಾಯದ ಅರಿವನ್ನೂ ಕೊಟ್ಟವರೆಂಬುದು ಸಿದ್ಧವಾಗುತ್ತದೆ.

ಇವೆಲ್ಲವನ್ನೂ ತಿಳಿದ ಮೇಲೆ ಪ್ರತಿಷ್ಠಾನದವರು ಸುಮ್ಮನಿರಲಿಲ್ಲ. 1993ರಿಂದ ಆ ಗುಲಾಮರ ವಂಶಸ್ಥರನ್ನು ದೇಶದ ನಾನಾ ಭಾಗಗಳಲ್ಲಿ ಹುಡುಕಿ, ಅವರ ಮನೆತನಗಳಲ್ಲಿ ಬಾಯಿಂದ ಬಾಯಿಗೆ ಬಂದ ನೆನಪುಗಳನ್ನು ಬರೆದುಕೊಳ್ಳುವ ಕಾರ್ಯವನ್ನು ಕೈಗೊಂಡರು. ಗುಲಾಮರ ಸಮಾಧಿಸ್ಥಳವೊಂದನ್ನು ಗುರುತಿಸಿ ಗೌರವಿಸಿದರು. 2015ರಲ್ಲಿ ಮಲ್ಬೆರಿ ಸಾಲಿನಲ್ಲಿ ಗುಡಿಸಲೊಂದನ್ನು ಮರಳಿ ಕಟ್ಟಿ ನಿಲ್ಲಿಸಿದರು. 1941ರಲ್ಲಿ ಮುಗಿದ ಜೀರ್ಣೋದ್ಧಾರವು ಹೂವಿನದು. ಅದಕ್ಕೆ ಮೂರು ವರ್ಷ ಹಿಡಿಯಿತು. ಹೂ ನೆಟ್ಟವರ ನೆನಪಿನ ಜೀರ್ಣೋದ್ಧಾರಕ್ಕೆ ಮತ್ತೆ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಮಣ್ಣಿನ ಕಳೆಯನ್ನು ಕೀಳುವುದಕ್ಕಿಂತ ಮರೆವಿನ ಕಳೆಯನ್ನು ಕೀಳುವುದು ಕಷ್ಟತರವೆಂಬುದಕ್ಕೆ ಇದೇ ಸಾಕ್ಷಿ.

ಕೆಲವರು ಆಕ್ಷೇಪಿಸಬಹುದು: ಇಂತಹ ಕಹಿಯಾದ ಮಾತುಗಳನ್ನೆತ್ತಿದರೆ ಮಹಾಪುರುಷನ ಕೀರ್ತಿಗೆ ಕಲಂಕ ಬಾರದೆ, ಸುಂದರವಾದ ತೋಟದ ಸೊಗಸು ಕೆಡದೆ, ಎಂದು. ಅದಕ್ಕೆ ಉತ್ತರವು ಹೀಗಿರುವುದು. ಜೆಫರ್ಸನನ ಬುದ್ಧಿಯೂ ಕುತೂಹಲವೂ ಶ್ರದ್ಧೆಯೂ ಸುಳ್ಳಲ್ಲ. ಆತನ ಪುಸ್ತಕವಿಲ್ಲದಿದ್ದರೆ ತೋಟವು ಮರಳಿ ಬರುತ್ತಿರಲಿಲ್ಲ. ಆದರೆ ಜೀರ್ಣೋದ್ಧಾರವೆಂದರೆ ಇದ್ದುದನ್ನು ಇದ್ದ ಹಾಗೆ ನಿಲ್ಲಿಸುವುದು. ಬೇಲಿಯ ಕಂಬದ ಗುಂಡಿಯನ್ನು ಅಂಗುಲ ತಪ್ಪದೆ ಹುಡುಕುವವನು, ಆ ಕಂಬವನ್ನು ನೆಟ್ಟವನನ್ನು ಹುಡುಕದೆ ಬಿಟ್ಟರೆ, ಅವನ ಪ್ರಾಮಾಣಿಕತೆಯು ಅರ್ಧಕ್ಕೇ ನಿಂತಂತೆ. ಅರ್ಧ ಸತ್ಯದ ಮೇಲೆ ಬೆಳೆದ ಹೂವಿಗೆ ಬಣ್ಣವಿರಬಹುದು, ಪರಿಮಳವಿರದು.

ಈ ವಿಷಯದಲ್ಲಿ ನಮ್ಮ ಶರಣರ ದೃಷ್ಟಿಯು ಎಷ್ಟು ದೊಡ್ಡದೆಂಬುದು ಈಗ ಸ್ಪಷ್ಟವಾಗುವುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನೆರೆದ ಶರಣಸಮೂಹದ ಹೆಸರುಗಳನ್ನು ನೆನೆದುಕೊಳ್ಳಿರಿ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ, ಮೋಳಿಗೆ ಮಾರಯ್ಯ. ಇಲ್ಲಿ ಕಾಯಕವು ಮರೆಯಿಸಬೇಕಾದ ಹೀನತೆಯಲ್ಲ. ಹೆಸರಿಗೆ ಮೊದಲು ನಿಲ್ಲುವ ಬಿರುದು. ಲೋಕದ ಇತರ ಕಡೆಗಳಲ್ಲಿ ದೊರೆಗಳ ಹೆಸರು ಉಳಿದು ದುಡಿದವರ ಹೆಸರು ಅಳಿದಾಗ, ನಮ್ಮಲ್ಲಿ ಬಟ್ಟೆ ಒಗೆದವನ, ದೋಣಿ ನಡೆಸಿದವನ, ಹಗ್ಗ ಹೊಸೆದವನ ಹೆಸರುಗಳು ಎಂಟುನೂರು ವರ್ಷಗಳ ಮೇಲೂ ಬಾಳಿವೆ. ಮತ್ತು ಕಾಯಕವೆಂಬುದು ಬರಿಯ ದುಡಿಮೆಯಲ್ಲ. ಸ್ವಂತ ಮನಸ್ಸಿನಿಂದ, ಸತ್ಯಶುದ್ಧವಾಗಿ, ದಾಸೋಹಕ್ಕೆಂದು ಮಾಡಿದುದು ಕಾಯಕ. ಕೊರಳಿಗೆ ಬೆಲೆಕಟ್ಟಿ ಮಾಡಿಸಿದುದು ದಾಸ್ಯ. ಶರಣನು ತನ್ನನ್ನು ದಾಸನೆಂದು ಕರೆದುಕೊಳ್ಳುವುದು ತಾನೇ ಒಲಿದು. ವರ್ಮ್‌ಲಿಯನ್ನು ದಾಸನೆಂದು ಕರೆದುದು ಅನ್ಯರು, ಅವನ ಒಪ್ಪಿಗೆಯಿಲ್ಲದೆ. ಕೈಯಲ್ಲಿರುವ ಗುದ್ದಲಿ ಒಂದೇ ಆದರೂ ಇವೆರಡರ ನಡುವೆ ಇರುವ ಅಂತರವು ಭೂಮಿಗೂ ಆಕಾಶಕ್ಕೂ ಇರುವಷ್ಟು.

ಆದರೆ ಪೂರ್ವಿಕರ ಹಿರಿಮೆಯನ್ನು ಹೇಳಿಕೊಂಡು ನಾವು ಹಿಗ್ಗಿ ಕೂಡುವುದು ಸಲ್ಲದು. ನಮ್ಮ ಮಠಗಳ ಹಳೆಯ ದಫ್ತರಗಳನ್ನು ತೆಗೆದು ನೋಡಿದರೆ ಭೂಮಿಯನ್ನು ದಾನ ಕೊಟ್ಟವರ ಹೆಸರು ಸುಲಭವಾಗಿ ಸಿಕ್ಕುವುದು; ಆ ಭೂಮಿಯಲ್ಲಿ ಬಾವಿ ತೋಡಿದವರ, ಬಿಲ್ವದ ಸಸಿಯನ್ನು ನೆಟ್ಟವರ, ಬೇಸಗೆಯಲ್ಲಿ ಏತ ಹೊಡೆದು ನೀರುಣಿಸಿದವರ, ದಿನವೂ ಬೆಳಗಿನಲ್ಲಿ ಹೂಪತ್ರಿಗಳನ್ನು ತಂದೊಪ್ಪಿಸಿದ ಹೂಗಾರರ ಹೆಸರುಗಳು ಎಷ್ಟು ಕಡೆ ದೊರೆಯುವುವು? ದಾನಿಯ ಹೆಸರನ್ನು ಕಲ್ಲಿನ ಮೇಲೆ ಕೊರೆದು, ಕಾಯಕಿಯ ಹೆಸರನ್ನು ನೀರಿನ ಮೇಲೆ ಬರೆದರೆ, ಕಾಯಕಧರ್ಮದ ಮಕ್ಕಳಾದ ನಮಗೆ ಅದು ಭೂಷಣವಲ್ಲ.

ಆದುದರಿಂದ ಮಠಗಳ ಸದ್ಭಕ್ತರಲ್ಲಿಯೂ ಶಿಷ್ಯವರ್ಗದವರಲ್ಲಿಯೂ ವಿನಯಪೂರ್ವಕವಾಗಿ ಕೆಲವು ಸೂಚನೆಗಳನ್ನು ಅರಿಕೆ ಮಾಡಲಾಗಿದೆ. ಮೊದಲನೆಯದಾಗಿ, ಪ್ರತಿಯೊಂದು ಮಠದಲ್ಲಿಯೂ ‘ತೋಟದ ಪುಸ್ತಕ’ವೊಂದನ್ನು ಇಡಬೇಕು. ಅದರಲ್ಲಿ ಯಾವ ಗಿಡವನ್ನು ಯಾವ ದಿನ ನೆಟ್ಟುದು, ಸಸಿ ಎಲ್ಲಿಂದ ಬಂದುದು, ನೆಟ್ಟವರು ಯಾರು, ನೀರೆರೆದವರು ಯಾರು ಎಂಬುದನ್ನು ಬರೆದಿಡಬೇಕು. ಒಣಗಿಹೋದುದನ್ನೂ ಮರೆಮಾಡದೆ ಬರೆಯಬೇಕು. ಎರಡನೆಯದಾಗಿ, ಹಳೆಯ ಮರವನ್ನು ಕಡಿಯುವ ಮುಂಚೆ, ಹಳೆಯ ಬಾವಿಯನ್ನು ಮುಚ್ಚುವ ಮುಂಚೆ, ಅದರ ಸ್ಥಳವನ್ನು ಅಳತೆಮಾಡಿ ನಕ್ಷೆಯಲ್ಲಿ ಗುರುತಿಸಬೇಕು. ಮೂರನೆಯದಾಗಿ, ಮಠದ ತೋಟದಲ್ಲಿ ದುಡಿದ ಮನೆತನಗಳ ವೃದ್ಧರನ್ನು ಕಂಡು, ಅವರ ನೆನಪಿನಲ್ಲಿರುವುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಇದಕ್ಕೆ ತಡಮಾಡಲಾಗದು; ಕಾಗದವು ಕಾಯುವುದು, ವಯಸ್ಸು ಕಾಯುವುದಿಲ್ಲ. ನಾಲ್ಕನೆಯದಾಗಿ, ನಾಟಿ ಅವರೆ, ನಾಟಿ ಬದನೆ, ಹಳೆಯ ಹೂವಿನ ತಳಿಗಳು ಎಲ್ಲಿಯಾದರೂ ಉಳಿದಿದ್ದರೆ ಅವುಗಳ ಬೀಜವನ್ನು ಕೂಡಿಟ್ಟು ಭಕ್ತರ ಮನೆಮನೆಗೆ ಪ್ರಸಾದರೂಪವಾಗಿ ಹಂಚಬೇಕು. ಕೊನೆಯದಾಗಿ, ಮಹೋತ್ಸವಗಳ ಸ್ಮರಣ ಸಂಪುಟಗಳಲ್ಲಿ ದಾನಿಗಳ ಪಟ್ಟಿಯ ಪಕ್ಕದಲ್ಲಿ ಕಾಯಕಿಗಳ ಪಟ್ಟಿಯೂ ಅಚ್ಚಾಗಬೇಕು. ಇವಾವುವೂ ಹೆಚ್ಚು ವೆಚ್ಚದ ಕೆಲಸಗಳಲ್ಲ, ಗಮನವೊಂದಿದ್ದರೆ ಸಾಕು.

ಮಾಂಟಿಚೆಲ್ಲೊದವರು ನೂರೈವತ್ತು ವರ್ಷಗಳ ತರುವಾಯ ಕಲೆಗಳನ್ನು ಹೆರೆದು, ಚೂರುಗಳನ್ನು ಜೋಡಿಸಿ, ಬಹು ಪ್ರಯಾಸದಿಂದ ಕಂಡುಕೊಂಡುದನ್ನು ನಾವು ಇಂದು ಒಂದು ಲೇಖನಿಯಿಂದ ಉಳಿಸಿಕೊಳ್ಳಬಹುದು. ತೋಟವು ಅಳಿಯಬಹುದು, ಮತ್ತೆ ಚಿಗುರಲೂಬಹುದು. ಅದನ್ನು ಬೆಳೆಸಿದವರ ಹೆಸರು ಒಮ್ಮೆ ಅಳಿದರೆ ಯಾವ ಮಳೆಗೂ ಮರಳಿ ಮೊಳೆಯುವುದಿಲ್ಲ. ಗುರುಕೃಪೆಯಿಂದ ಆ ಹೆಸರುಗಳೆಲ್ಲವೂ ಮಠದ ಚರಿತ್ರೆಯಲ್ಲಿ ಚಿರಕಾಲ ಬೆಳಗಲಿ, ಕಾಯಕವಂತರಿಗೆಲ್ಲ ಶುಭವಾಗಲಿ.

॥ ಶರಣು ಶರಣಾರ್ಥಿ ॥